ಗಿಡದ ಮೇಲಿನ ಹಿರಿಯರು

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ಹಾನಗಲ್ಲಿನ ಅರ್ಧ ಜನ ಹೇಳುತ್ತಿದ್ದರು. ಉಳಿದ ಅರ್ಧ ಜನ ನಮ್ಮ ನೆಂಟರು. ಅವರು ಹೇಳುತ್ತಿರಲಿಲ್ಲ, ಅವರಿಗೆ ಗೊತ್ತಿತ್ತು! ನಾನು ಮಾತ್ರ ಯಾವ ಗುಂಪಿಗೂ ಸೇರದೆ ಬಾಯಿ ಮುಚ್ಚಿಕೊಂಡು ಕೂಡಬೇಕಾಗಿತ್ತು. ಯಾಕೆಂದರೆ ನನ್ನ ಅಕ್ಕನನ್ನು ಆ ಮನೆಗೆ ಕೊಡುವ ಮುಂಚೆ ಹುಡುಗನನ್ನು ನೋಡಿ ಬರಲು ಶಿಗ್ಗಾಂವಿಯಿಂದ ಚಕ್ಕಡಿ ಹೂಡಿಕೊಂಡು ಹೋದವನು ನಾನೇ. ಅವರ ಮನೆಯ ಮಾದಲಿಗೆ ಮತ್ತೆ ಮತ್ತೆ ತುಪ್ಪ ಹಾಕಿಸಿಕೊಂಡು ಉಂಡವನೂ ನಾನೇ, ತಿರುಗಿ ಬಂದು "ಹುಡುಗ ಬಂಗಾರ" ಎಂದು ಅಪ್ಪನ ಮುಂದೆ ಹೇಳಿದವನೂ ನಾನೇ. ಹುಡುಗನನ್ನು ನಾನು ಸರಿಯಾಗಿ ನೋಡಿದೆನೋ, ತುಪ್ಪವನ್ನೇ ನೋಡಿದೆನೋ ಎಂದು ಆಮೇಲೆ ಬಹಳ ಸಲ ಅನ್ನಿಸಿದೆ.

ಆದರೂ ಕೊರತೆ ತೆಗೆಯಲು ಏನಿತ್ತು, ನೀವೇ ಹೇಳಿ. ಪೇಟೆಯಲ್ಲಿ ಭತ್ತದ ಅಂಗಡಿ. ತಡಸದ ದಾರಿಗೆ ಒಂದಿಷ್ಟು ಗದ್ದೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹಣೆಯ ತುಂಬ ವಿಭೂತಿ. ಲಿಂಗಪೂಜೆ ಮುಗಿಯದೆ ಅವರು ಬಾಯಿಗೆ ಒಂದು ಗುಟುಕು ನೀರು ಹಾಕಿದವರಲ್ಲ. ಆದರೆ ಒಂದೇ ಒಂದು ರೋಗವಿತ್ತು. ಯಾವ ಮಾತು ಕಿವಿಗೆ ಬಿದ್ದರೂ "ಖರೇ ಏನು?" ಎನ್ನುವರು. ಅಂದಮೇಲೆ ಸುಮ್ಮನೆ ಬಿಡುವರೇ? ನೋಡಿಯೇ ತೀರಬೇಕು!

ನಾಗರ ಪಂಚಮಿಯ ದಿನ ಹೆಂಗಸರೆಲ್ಲ ಹುತ್ತಕ್ಕೆ ಹಾಲೆರೆದು ಹೋದರೆ, ಈ ಮಹಾಶಯರು ಸಂಜೆಯತನಕ ಹುತ್ತದ ಮುಂದೆ ಕುಳಿತಿದ್ದರಂತೆ. ನಾಗಪ್ಪ ಬಂದು ಹಾಲು ಕುಡಿಯುತ್ತಾನೋ ಇಲ್ಲವೋ ನೋಡಬೇಕಲ್ಲ! ನಾಗಪ್ಪ ಬರಲಿಲ್ಲ, ಇರುವೆ ಬಂದವು. ಮನೆಗೆ ಬಂದು ಹಾಲನ್ನು ಇರುವೆಗಳು ಕುಡಿದವು ಎಂದು ಅಕ್ಕನಿಗೆ ವರದಿ ಒಪ್ಪಿಸಿದರು. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ, ಇರುವೆಗಳನ್ನು ಕಳಿಸಿದವರು ಯಾರು ಎಂದು ಕೇಳಿದಳಂತೆ. ಇನ್ನೊಬ್ಬ ಗಂಡನಾಗಿದ್ದರೆ ರೇಗುತ್ತಿದ್ದ. ನಮ್ಮ ಭಾವನಿಗೆ ಆ ಪ್ರಶ್ನೆ ಬಹಳ ಹಿಡಿಸಿ, ವಾರಗಟ್ಟಲೆ ಅದನ್ನೇ ಮೆಲುಕು ಹಾಕುತ್ತ ತಿರುಗಿದರು. ಆ ಗಂಡಹೆಂಡಿರ ಸಂಸಾರ ನಡೆದದ್ದೇ ಹೀಗೆ.

ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ಧಾರವಾಡದ ಕಡೆಯ ವಿಜ್ಞಾನದ ಮಾಸ್ತರರೊಬ್ಬರು ಊರಿನ ಸಾಲೆಗೆ ಬಂದು ಮ್ಯಾಜಿಕ್ ಲ್ಯಾಂಟರ್ನ್ ತೋರಿಸಿದರು. ಗೋಡೆಗೆ ಬಿಳಿ ಧೋತರ ಕಟ್ಟಿ, ಎದುರಿನಿಂದ ದೀಪದ ಬೆಳಕು ಬಿಟ್ಟು ಚಿತ್ರ ಮೂಡಿಸುವ ಯಂತ್ರ ಅದು. ಕಾಶಿ ರಾಮೇಶ್ವರ ತೋರಿಸುತ್ತಾರೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರಿಂದ ಮುದುಕಿಯರು ಊದಿನಕಡ್ಡಿ, ತೆಂಗಿನಕಾಯಿ ಹಿಡಿದುಕೊಂಡೇ ಬಂದಿದ್ದರು. ಧೋತರದ ಮೇಲೆ ಮೂಡಿದ್ದು ಒಂದು ಮಂಗ. ಆಮೇಲೆ ಬೆನ್ನು ಬಾಗಿಸಿ ಎದ್ದು ನಿಂತ ಮಂಗ. ಆಮೇಲೆ ಮಂಗನೂ ಅಲ್ಲದ, ಮನುಷ್ಯನೂ ಅಲ್ಲದ ಏನೋ ಒಂದು. ಕೊನೆಗೆ ಟೊಪ್ಪಿಗೆ ಹಾಕಿಕೊಂಡ ಒಬ್ಬ ಬಿಳಿಯ ಸಾಹೇಬ! ಮುದುಕಿಯರು ಇಲ್ಲಿಯತನಕ ತಕರಾರಿಲ್ಲದೆ ಒಪ್ಪಿದರು. ಸಾಹೇಬ ಮಂಗನಿಂದ ಬಂದಿದ್ದರೆ ಬಂದಿರಲಿ, ಅದರಲ್ಲಿ ಸೋಜಿಗವೇನು? ಮಾಸ್ತರರು "ನಾವೂ ಹಾಗೆಯೇ ಬಂದವರು" ಎಂದಾಗ ಮಾತ್ರ ಎಲ್ಲರೂ ಸೆರಗು ಕೊಡವಿಕೊಂಡು ಎದ್ದರು.

ಭಾವ ಏಳಲಿಲ್ಲ. ಆ ನಡುವಿನ ಚಿತ್ರವನ್ನು ಇನ್ನೊಮ್ಮೆ ಹಾಕಿರಿ ಎಂದು ಕೇಳಿಕೊಂಡರು. ಹಾಕಿದರು. ಅದನ್ನು ಬಹಳ ಹೊತ್ತು ನೋಡಿದ ಮೇಲೆ ಅವರು ಕೇಳಿದ ಪ್ರಶ್ನೆಯನ್ನು ಊರವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

"ಮಾಸ್ತರ, ಇದು ಯಾವತ್ತಿನಿಂದ ಮನಶ್ಯಾ ಆತ್ರಿ?"

ಮಾಸ್ತರರು ಲಕ್ಷಾಂತರ ವರ್ಷಗಳ ಲೆಕ್ಕ ಹೇಳಿದರು. ಭಾವ ತಲೆ ಅಲ್ಲಾಡಿಸಿ, "ಅದಲ್ರಿ, ಯಾವ ದಿವಸ?" ಎಂದರಂತೆ. ಮಾಸ್ತರರು ದೀಪ ಆರಿಸಿಬಿಟ್ಟರು.

ಅಲ್ಲಿಂದ ಸುರುವಾಯಿತು ನೋಡಿ. ಮನೆಯ ಹಿತ್ತಲಲ್ಲಿ ದೊಡ್ಡದೊಂದು ಹುಣಸೆಯ ಗಿಡ. ಅದರ ತುಂಬ ಮುಸ್ಯಾಗಳು. ಕರಿಯ ಮೋರೆಯ, ಉದ್ದ ಬಾಲದ ಮಂಗಗಳಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಅಕ್ಕ ಬೇಸಗೆಯಲ್ಲಿ ಮಾಳಿಗೆಯ ಮೇಲೆ ಕುರಡಿಗೆ ಒಣಹಾಕಿ, ಕೈಯಲ್ಲಿ ಬಡಿಗೆ ಹಿಡಿದು ಕಾಯುತ್ತ ಕೂಡುವಳು. ಕುರಡಿಗೆ ಅಂದರೆ ಗೋದಿಯ ಹಾಲು ಕುದಿಸಿ, ಒತ್ತಿ, ಒಣಗಿಸುವ ಕೆಲಸ, ರಟ್ಟೆ ಬಿದ್ದುಹೋಗುತ್ತದೆ. ಭಾವ ಮೆಲ್ಲಗೆ ಬಂದು ಆ ಬಡಿಗೆ ಕಸಿದುಕೊಂಡು, ಹಿರಿಯರನ್ನು ಹಾಗೆ ಹೊಡೆಯಬಾರದು ಎಂದು ಬುದ್ಧಿ ಹೇಳತೊಡಗಿದರು. ಹಿರಿಯರು ಕುರಡಿಗೆಯನ್ನು ಬುಟ್ಟಿ ಸಮೇತ ಒಯ್ದರು!

ಅಕ್ಕನಿಗೆ ಬಂದ ಸಿಟ್ಟು ಕೇಳಬೇಡಿ. ಆದರೆ ಅವಳು ಅತ್ತು ಕರೆದು ಮಾಡುವ ಪೈಕಿ ಅಲ್ಲ. ಅಂದಿನಿಂದ ಮುಸ್ಯಾ ಬಂದರೆ ಸಾಕು, ಅಂಗಡಿಯಲ್ಲಿ ಗಿರಾಕಿಗಳ ನಡುವೆ ಕುಳಿತ ಗಂಡನಿಗೆ ಕೇಳುವಂತೆ ಕೂಗುವಳು: "ಏನ್ರಿ, ನಿಮ್ಮ ಮನೀ ಕಡೆಯವ್ರು ಬಂದಾರ್ರಿ, ಮಾತಾಡ್ಸಿ ಕಳಸ್ರಿ." ನಾನು ಶಿಗ್ಗಾಂವಿಯಿಂದ ಹೋದರೆ ಇನ್ನೂ ಜೋರು. ನಮ್ಮ ತವರಿನವರೆಲ್ಲ ನೇರ ಕೈಲಾಸದಿಂದ ಇಳಿದವರು, ಗಿಡದಿಂದ ಇಳಿದವರು ಹಾನಗಲ್ಲಿನವರು ಮಾತ್ರ ಎಂದು ನನ್ನ ಕಡೆ ಕಣ್ಣು ಮಿಟುಕಿಸುವಳು. ಭಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆ ಮಾತಿಗೆ ಆಧಾರ ಕಾಣಿಸುವುದಿಲ್ಲವಲ್ಲ ಎನ್ನುವರು. ನಾನು ಆಗ ಸ್ವಲ್ಪ ಮೈಗೂದಲಿನ ಮನುಷ್ಯ.

ಇಷ್ಟಾಗಿಯೂ ಲಿಂಗಪೂಜೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ನನಗೆ ತಡೆಯಲಾಗದೆ ಒಮ್ಮೆ ಕೇಳಿಯೇಬಿಟ್ಟೆ: ಮಂಗನಿಂದ ಬಂದವರಿಗೆ ಶಿವ ಯಾಕೆ, ಶಿವನ ಮಕ್ಕಳಿಗೆ ಮಂಗ ಯಾಕೆ, ಎರಡರಲ್ಲಿ ಒಂದನ್ನು ಬಿಡಬಾರದೇ? ಭಾವ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತಿದ್ದರು. ಪೂಜೆ ಮುಗಿಯುವತನಕ ನನ್ನನ್ನು ಕಾಯಿಸಿ, ಆಮೇಲೆ ಹೆಬ್ಬೆರಳು ತೋರಿಸಿದರು. ಮುಸ್ಯಾಗಳ ಕೈಯನ್ನು ಅವರು ತಿಂಗಳುಗಟ್ಟಲೆ ನೋಡಿದ್ದರಂತೆ. ಅದರ ಹೆಬ್ಬೆರಳು ಗಿಡ್ಡ, ಕೊಂಬೆ ಹಿಡಿಯಲು ಸಾಕು, ಅಂಗೈಯಲ್ಲಿ ಲಿಂಗ ನಿಲ್ಲಿಸಲು ಸಾಲದು. ನಮ್ಮದು ಉದ್ದವಾಗಿದೆ. ಎಂದೋ ಒಂದು ದಿನ ಯಾವುದೋ ಒಂದು ಮುಸ್ಯಾ ಕೊಂಬೆ ಬಿಟ್ಟು ಕೆಳಗಿಳಿದು, ನೆಲದ ಮೇಲಿನ ಕಲ್ಲೊಂದನ್ನು ಅಂಗೈಯಲ್ಲಿಟ್ಟುಕೊಂಡು, ತಿನ್ನದೆ, ಒಗೆಯದೆ ಸುಮ್ಮನೆ ನೋಡಿರಬೇಕು. ಅದೇ ಮೊದಲನೆಯ ಮನುಷ್ಯ, ಅದೇ ಮೊದಲನೆಯ ಪೂಜೆ. ಇದು ನಮ್ಮ ಭಾವನ ಸಿದ್ಧಾಂತ! ಧಾರವಾಡದ ಮಾಸ್ತರರೂ ಒಪ್ಪಲಿಕ್ಕಿಲ್ಲ, ಮಠದ ಅಯ್ಯನವರೂ ಒಪ್ಪಲಿಕ್ಕಿಲ್ಲ. ನಾನೂ ಒಪ್ಪಲಿಲ್ಲ. ಆದರೆ ಆ ದಿನ ಚಕ್ಕಡಿಯಲ್ಲಿ ಊರಿಗೆ ತಿರುಗಿ ಬರುವಾಗ ಯಾರೂ ನೋಡದಂತೆ ನನ್ನ ಹೆಬ್ಬೆರಳನ್ನು ಮಡಚಿ ಬಿಚ್ಚಿ ನೋಡಿಕೊಂಡೆ.

ಭಾವನ ತಂಗಿಯನ್ನು ನೋಡಲು ಹಿರೇಕೆರೂರಿನಿಂದ ಬೀಗರು ಬಂದ ದಿನವಂತೂ ನಾನು ಕುಳಿತಲ್ಲೇ ಬೆವತೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಹುಡುಗಿ ಒಪ್ಪಿಗೆಯಾಗಿದ್ದಳು, ಅವಲಕ್ಕಿ ಮುಗಿದಿತ್ತು, ಹುಡುಗನ ಅಜ್ಜ ಸವಣೂರಿನ ಎಲೆ ಮಡಚಿ ಬಾಯಿಗಿಟ್ಟುಕೊಂಡಿದ್ದ. ಎಲ್ಲರೂ ಕೇಳುವ ಹಾಗೆ ಅವನೂ, ನಿಮ್ಮ ಮನೆತನದ ಮೂಲ ಯಾವ ಊರು ಎಂದು ಕೇಳಿದ. ನಾನು ಭಾವನ ಕಾಲು ತುಳಿದೆ. ಅವರು ಕಾಲು ಎಳೆದುಕೊಂಡರು.

"ಏಳು ತಲಿ ಹಾನಗಲ್ಲರೀ. ಅದಕ್ಕೂ ಮೊದಲ ತಡಸ. ಅದಕ್ಕೂ ಮೊದಲ ಗಿಡದ ಮ್ಯಾಲೆ."

ಅಜ್ಜ ಎಲೆ ಅಗಿಯುವುದನ್ನು ನಿಲ್ಲಿಸಿದ. ಒಳಗೆ ಅಕ್ಕನ ಕೈಯಿಂದ ಏನೋ ಬಿದ್ದ ಸಪ್ಪಳವಾಯಿತು. ಆಮೇಲೆ ಅಜ್ಜ ನಿಧಾನವಾಗಿ ತಲೆ ಆಡಿಸಿ, ತನ್ನವರ ಕಡೆ ತಿರುಗಿ, ಇಷ್ಟು ಆಸ್ತಿಯಿದ್ದೂ ತಮ್ಮ ಮನೆತನವನ್ನು ಇಷ್ಟು ಸಣ್ಣದು ಮಾಡಿ ಹೇಳಿಕೊಳ್ಳುವ ಜನವನ್ನು ತಾನು ಕಂಡಿಲ್ಲ ಎಂದ. ವಿನಯ ಅಂದುಕೊಂಡುಬಿಟ್ಟ! ಮದುವೆ ಗೊತ್ತಾಯಿತು. ಅದು ವಿನಯವಲ್ಲ, ಖರೆ ಮಾತು ಎಂದು ವಿವರಿಸಲು ಹೊರಟ ಭಾವನನ್ನು ನಾನು ಭತ್ತ ನೋಡುವ ನೆಪದಲ್ಲಿ ಅಂಗಡಿಗೆ ಎಳೆದುಕೊಂಡು ಹೋದೆ.

ಇಲ್ಲಿಯತನಕ ಎಲ್ಲ ನಗೆಯ ಮಾತೇ. ಆಮೇಲಿನದು ಹಾಗಲ್ಲ.

ಅಕ್ಕನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಒಮ್ಮೆ ಬಸುರಾಗಿ, ಏಳನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಇದು ಆ ಲ್ಯಾಂಟರ್ನಿಗಿಂತ ಹಿಂದಿನ ಮಾತು. ನಮ್ಮಲ್ಲಿ ಎಂಟನೆಯ ತಿಂಗಳಿಗೆ ಅಯ್ಯನವರು ಬಂದು ಹೊಟ್ಟೆಯೊಳಗಿನ ಕೂಸಿಗೆಂದು ತಾಯಿಯ ಮೈಗೆ ಲಿಂಗ ಕಟ್ಟುತ್ತಾರೆ. ಸತ್ತವರನ್ನು ನಾವು ಮಲಗಿಸಿ ಹೂಳುವುದಿಲ್ಲ. ಪೂಜೆಗೆ ಕುಳಿತಂತೆ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಆ ಕೂಸಿಗೆ ಲಿಂಗ ಬಂದಿರಲಿಲ್ಲ. ಹಾಗಾಗಿ ಅಯ್ಯನವರ ಅಪ್ಪಣೆಯಂತೆ ಅದನ್ನು ಭಾವ ಒಬ್ಬರೇ ಒಯ್ದು ಎಲ್ಲೋ ಮಲಗಿಸಿ ಮುಚ್ಚಿ ಬಂದಿದ್ದರು. ಎಲ್ಲಿ ಎಂದು ಅವರು ಹೇಳಲಿಲ್ಲ, ಅಕ್ಕ ಕೇಳಲಿಲ್ಲ. ಆ ಮನೆಯಲ್ಲಿ ಕೇಳದೆ ಉಳಿದ ಪ್ರಶ್ನೆ ಅದೊಂದೇ.

ಈಗ ಅಕ್ಕ ಮತ್ತೆ ಬಸುರಿ. ಆರು ತಿಂಗಳು ತುಂಬಿತ್ತು. ಆಗಲೇ ಹುಣಸೆಯ ಗಿಡದಲ್ಲಿ ಒಂದು ಮುಸ್ಯಾದ ಮರಿ ಸತ್ತಿತು. ತಾಯಿ ಬಿಡಲೊಲ್ಲದು. ಸತ್ತ ಮರಿಯನ್ನು ಎದೆಗೆ ಅವಚಿಕೊಂಡು ಕೊಂಬೆಯಿಂದ ಕೊಂಬೆಗೆ ದಿನಗಟ್ಟಲೆ ತಿರುಗಿತು. ಭಾವ ಅಂಗಡಿಯ ಬಾಗಿಲು ಹಾಕಿ ಹಿತ್ತಲಲ್ಲಿ ಕುಳಿತುಬಿಟ್ಟರು. ಕೊನೆಗೆ ಒಂದು ಮಧ್ಯಾಹ್ನ ಆ ತಾಯಿ ಮಾಳಿಗೆಯ ಮೇಲಿಳಿದು, ಮರಿಯನ್ನು ಅಲ್ಲಿ ಇಟ್ಟು, ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು, ಹೋಯಿತು.

ಮಂಗ ಸತ್ತರೆ ಭಜನೆ ಮಾಡುತ್ತ ಮೆರವಣಿಗೆಯಲ್ಲಿ ಒಯ್ದು ಹನುಮಪ್ಪನ ಗುಡಿಯ ಹತ್ತಿರ ಮಣ್ಣು ಮಾಡುವುದು ಊರ ಪದ್ಧತಿ. ಓಣಿಯ ಜನ ತಾಳ ಹಿಡಿದುಕೊಂಡು ಬಂದರು. ಬರುವಷ್ಟರಲ್ಲಿ ಭಾವ ಮರಿಯನ್ನು ತಮ್ಮ ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ತಡಸದ ದಾರಿ ಹಿಡಿದಾಗಿತ್ತು. ತಮ್ಮ ಗದ್ದೆಯ ಬದುವಿನಲ್ಲಿ ಗುಣಿ ತೋಡಿ, ಮರಿಯನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಕೊಟ್ಟರು. ದನ ಕಾಯುವವರು ಯಾರೋ ನೋಡಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಮಠದ ಅಯ್ಯನವರು ಕೆಂಡವಾದರು. ಭಾವನಿಗೆ ಲಿಂಗ ಕಟ್ಟಿದ್ದೂ ಅವರೇ, ಮದುವೆ ಮಾಡಿಸಿದ್ದೂ ಅವರೇ. ಇಷ್ಟು ವರ್ಷ ಮಂಗನ ಮಾತನ್ನು ಹುಡುಗಾಟ ಎಂದು ನುಂಗಿಕೊಂಡಿದ್ದರು. ಈಗ ಹೇಳಿ ಕಳಿಸಿದರು: ಮಠಕ್ಕೆ ಬಂದು, ಮಂಗನಿಂದ ಮನುಷ್ಯ ಹುಟ್ಟಿಲ್ಲ ಎಂದು ಒಂದು ಮಾತು ಹೇಳಬೇಕು. ಹೇಳುವತನಕ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಕೂಸಿಗೆ ಲಿಂಗ ಕಟ್ಟುವುದಿಲ್ಲ.

ಅಕ್ಕ ನನ್ನನ್ನು ಕರೆಸಿಕೊಂಡಳು. ಅವಳ ಮುಖ ನೋಡಿದ ಕೂಡಲೇ ನನಗೆ ತಮಾಷೆ ಮಾಡುವ ಧೈರ್ಯ ಉಳಿಯಲಿಲ್ಲ.

"ಮಂಗ್ಯಾನಿಂದರ ಬಂದಿರ್ಲಿ, ಮಣ್ಣಿನಿಂದರ ಬಂದಿರ್ಲಿ, ನನಗೇನಾಗೂದೈತಿ," ಎಂದಳು. "ಈ ಸರ್ತಿ ನನ್ನ ಕೂಸಿಗೆ ಲಿಂಗ ಬೇಕು. ಅದು ಉಳೀತೈತೋ ಇಲ್ಲೋ ಶಿವಗ ಗೊತ್ತು. ಆದ್ರ ಆ ಕೂಸಿನಂಗ ಬರಿಗೈಲೆ ಹೋಗಬಾರದು."

ನನಗೆ ಸಿಟ್ಟು ಬೇಗ. ಭಾವನ ಮುಂದೆ ಹೋಗಿ ನಿಂತು, ಒಂದು ಮಾತು ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ, ಮಂಗಗಳೇನು ಬಂದು ಜಗಳ ತೆಗೆಯುತ್ತವೆಯೇ ಎಂದು ರೇಗಿದೆ. ಭಾವ ಕೊರಳ ಕರಡಿಗೆಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು.

"ಲಿಂಗ ಕೊಟ್ಟವ್ರ ಮುಂದ ನಿಂತು, ಲಿಂಗ ಕಟ್ಕೊಂಡು, ಗೊತ್ತಿಲ್ಲದ್ದನ್ನ ಗೊತ್ತು ಅನ್ನಂತೀ ಏನು?" ಎಂದರು. ಅಷ್ಟು ಹೇಳಿ ಎದ್ದು ಅಂಗಿ ಹಾಕಿಕೊಂಡರು. "ನಡಿ, ಹೋಗೂಣು."

ಮಠದ ಜಗುಲಿಯ ಮೇಲೆ ಅಯ್ಯನವರು ಒಬ್ಬರೇ ಇದ್ದರು. ಭಾವ ಅಡ್ಡಬಿದ್ದು, ಎದ್ದು, ಕೆಳಗೆ ನೆಲದ ಮೇಲೆ ಕುಳಿತರು. ಹೇಳುವ ಮಾತು ಹೇಳಿ ಹೋಗು ಎಂದರು ಅಯ್ಯನವರು. ನಾನು ಒಳಗೊಳಗೇ ಶಿವಶಿವಾ, ಹೇಳಿಬಿಡಲಿ ಎನ್ನುತ್ತಿದ್ದೆ.

"ಮಂಗ್ಯಾನ ಮಾತು ನನಗ ಗೊತ್ತಿಲ್ರಿ ಅಯ್ಯಾರ," ಎಂದರು ಭಾವ. "ಹೌದು ಅಂತ ನಾ ನೋಡಿಲ್ಲ, ಅಲ್ಲ ಅಂತನೂ ನೋಡಿಲ್ಲ. ನನಗ ಬ್ಯಾರೇದೊಂದು ತಿಳೀಬೇಕಾಗೇತ್ರಿ. ಎಂಟ ತಿಂಗಳಿಗೆ ನೀವು ಲಿಂಗ ಕಟ್ಟತೀರಿ. ನಮ್ಮದು ಏಳರಾಗ ಹೋತು. ಲಿಂಗ ಇಲ್ಲದ್ದು, ಕುಂಡ್ರಸಬ್ಯಾಡ, ಮಲಗಿಸಿ ಮುಚ್ಚು ಅಂದ್ರಿ. ಮುಚ್ಚಿದೆ. ಅದು ಮನಶ್ಯಾ ಹೌದೋ ಅಲ್ಲೋ ಅಯ್ಯಾರ? ಯಾವತ್ತಿನಿಂದ ಮನಶ್ಯಾ ಆಗತೈತ್ರಿ?"

ಅಯ್ಯನವರು ಏನೋ ಹೇಳಲು ಬಾಯಿ ತೆರೆದರು. ಭಾವ ನಿಲ್ಲಿಸಲಿಲ್ಲ.

"ಬೆರಳು ಎಲ್ಲಾ ಇದ್ದೂರಿ. ಹೆಬ್ಬೆಟ್ಟೂ ಇತ್ತು. ನಾ ನೋಡೇನಿ. ಆ ಮುಸ್ಯಾನ ಮರೀನ್ನ ಅದರ ಬಾಜೂಕನ ಕುಂಡ್ರಿಸೇನ್ರಿ. ಎರಡರಾಗ ಒಂದರ ಕುಂತಿರಲಿ ಅಂತ."

ಸಾಲೆಯಲ್ಲಿ ಆ ನಡುವಿನ ಚಿತ್ರವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದ್ದು, "ಯಾವ ದಿವಸ" ಎಂದು ಕೇಳಿದ್ದು, ತಿಂಗಳುಗಟ್ಟಲೆ ಮುಸ್ಯಾಗಳ ಹೆಬ್ಬೆರಳು ನೋಡಿದ್ದು ಎಲ್ಲ ನೆನಪಾಯಿತು. ಊರೆಲ್ಲ ನಕ್ಕಿತ್ತು, ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ. ಈ ಮನುಷ್ಯ ಅಷ್ಟೂ ವರ್ಷ ಕೇಳುತ್ತಿದ್ದದ್ದು ಮಂಗನ ವಿಚಾರವಾಗಿರಲಿಲ್ಲ, ತನ್ನ ಕೂಸಿನ ವಿಚಾರ. ನನಗೆ ಅಳು ಬಂತು, ಯಾಕೆ ಮುಚ್ಚಿಡಲಿ.

ಅಯ್ಯನವರು ನಮ್ಮಿಬ್ಬರನ್ನೂ ನೋಡದೆ, "ಹೋಗ್ರಿ ಇನ್ನ" ಎಂದಷ್ಟೇ ಹೇಳಿ ಒಳಗೆ ಎದ್ದು ಹೋದರು. ಕೆಲಸ ಕೆಟ್ಟಿತು ಎಂದುಕೊಂಡೆ. ಮನೆಗೆ ಬಂದು ಅಕ್ಕನಿಗೆ ಏನು ಹೇಳಲಿ? ನಡೆದದ್ದನ್ನು ಹಾಗೆಯೇ ಹೇಳಿದೆ, ಗದ್ದೆಯ ಬದುವಿನ ಮಾತೂ ಸೇರಿಸಿ. ಅಕ್ಕ ಗಂಡನಿಗೆ ಊಟಕ್ಕೆ ಬಡಿಸಿ, ಅವರು ಉಣ್ಣುವತನಕ ಎದುರಿಗೇ ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಅಯ್ಯನವರು! ಕೈಯಲ್ಲಿ ತಾಮ್ರದ ತಂಬಿಗೆ, ಬಗಲಲ್ಲಿ ಪೂಜೆಯ ಸಾಮಾನು. ನನಗೆ ಸುಮ್ಮನಿರಲಾಗಲಿಲ್ಲ. ಎಂಟನೆಯ ತಿಂಗಳು ಬರಲು ಇನ್ನೂ ತಡವಿದೆಯಲ್ಲ ಅಯ್ಯನವರೇ ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು.

"ಎಂಟು ಅಂತ ಎಲ್ಲಿ ಬರದೈತಿ ಅನ್ನೂದನ್ನ ನಾನೂ ನೋಡಬೇಕಾಗೇತಿ," ಎಂದರು. "ನಾ ನೋಡೂತನಾ ಕೂಸ ಯಾಕ ಕಾಯಬೇಕು?"

ಅಂದು ಅಕ್ಕನಿಗೆ ಲಿಂಗ ಕಟ್ಟಿದರು. ಅದನ್ನು ಮುಟ್ಟಿ ನೋಡಿಕೊಂಡು ಅವಳು ಮೊದಲನೆಯ ಸಲ ಬಿಕ್ಕಿ ಬಿಕ್ಕಿ ಅತ್ತಳು. ಪ್ರಸಾದವಾದ ಮೇಲೆ ಅಯ್ಯನವರು ಮಠದ ಕಡೆ ತಿರುಗಲಿಲ್ಲ. ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ಹಿಡಿದು ತಡಸದ ದಾರಿಗೆ ನಡೆದರು. ಭಾವ ಹಿಂದಿನಿಂದ ಹೊರಟವರು ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟರು. ಬಿಸಿಲೇರಿದ ಮೇಲೆ ಅಯ್ಯನವರು ತಿರುಗಿ ಬಂದಾಗ ಅವರ ಬೆರಳೆಲ್ಲ ಬೆಳ್ಳಗಾಗಿತ್ತು. ವಿಭೂತಿ ಒಂದು ಗುಣಿಗೆ ಇಟ್ಟಿರೋ, ಎರಡಕ್ಕೂ ಇಟ್ಟಿರೋ? ನನ್ನ ನಾಲಗೆಯ ತುದಿಯತನಕ ಬಂದಿತ್ತು. ಜೀವಮಾನವೆಲ್ಲ "ಖರೇ ಏನು" ಎಂದ ಮನುಷ್ಯ ಪಕ್ಕದಲ್ಲೇ ನಿಂತಿದ್ದರು, ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಎಲ್ಲರೂ ಮುಖ ನೋಡಿದರೆ ಭಾವ ಮುಷ್ಟಿ ಬಿಡಿಸಿ ಹೆಬ್ಬೆರಳು ನೋಡಿದರು. ಕೂಸು ಅವರ ಬೆರಳನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಿಡಲೊಲ್ಲದು. ಬಿಡಿಸಿಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ.

ಮುಂದಿನ ಬೇಸಗೆಯಲ್ಲಿ ನಾನು ಹಾನಗಲ್ಲಿಗೆ ಹೋದಾಗ ಅಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಾಳಿಗೆಯ ಮೇಲೆ ಕುಳಿತಿದ್ದಳು. ಎದುರಿಗೆ ಕುರಡಿಗೆ ಒಣಗುತ್ತಿತ್ತು. ಹುಣಸೆಯ ಗಿಡದಿಂದ ಒಂದು ಮುಸ್ಯಾ ಒಂಟಿಯಾಗಿ ಇಳಿದು ಬಂದು, ಬುಟ್ಟಿಯ ಪಕ್ಕ ಕುಳಿತು, ಕುರಡಿಗೆ ಎತ್ತಿಕೊಂಡು ತಿನ್ನತೊಡಗಿತು. ನಾನು ಬಡಿಗೆ ಹುಡುಕಿದೆ. ಇರಲಿಲ್ಲ. ಚಪ್ಪಲಿ ತೆಗೆದು ಬೀಸಲು ಹೋದೆ. ಅಕ್ಕ ನನ್ನ ಕೈ ಹಿಡಿದಳು.

"ಬ್ಯಾಡ, ತಿನ್ನಲಿ ಬಿಡು," ಎಂದಳು. "ಅಕಿ ನಮ್ಮ ಮನೀ ಕಡೆಯಾಕಿ."